ಕ್ರಿಯಾವೇಗದ ಪ್ರಾಜೆಕ್ಟಿಗೆ ಯಾವ ಕ್ರಿಯೆ ಒಳ್ಳೆಯದು? ಎಸ್ಟರ್, ಅಯೋಡಿನ್, ಪರ್ಸಲ್ಫೇಟ್, ಪೆರಾಕ್ಸೈಡ್, ಕ್ರಿಸ್ಟಲ್ ವಯೊಲೆಟ್: ಒಂದು ಹೋಲಿಕೆ

ಬಿ.ಎಸ್ಸಿ. ಕೊನೆಯ ವರ್ಷದಲ್ಲೋ ಎಂ.ಎಸ್ಸಿ.ಯಲ್ಲೋ ಭೌತ ರಸಾಯನದ ಪ್ರಾಜೆಕ್ಟ್ ಎಂದರೆ ಹತ್ತರಲ್ಲಿ ಏಳೆಂಟು ಜನ ಎಸ್ಟರ್ ಜಲವಿಭಜನೆಗೇ ಕೈ ಹಾಕುತ್ತಾರೆ. ಮ್ಯಾನ್ಯುಯಲ್‌ನಲ್ಲಿದೆ, ಬ್ಯುರೆಟ್ ಸಾಕು, ಸೂತ್ರ ಬಾಯಿಪಾಠ. ವೇಗ ಸ್ಥಿರಾಂಕ ಬರುತ್ತದೆ, ಗ್ರಾಫ್ ನೇರವಾಗುತ್ತದೆ, ವೈವಾದಲ್ಲಿ ‘ಕ್ರಿಯಾವರ್ಧಕ (ಕ್ಯಾಟಲಿಸ್ಟ್) ಇಲ್ಲಿ ಏನು ಮಾಡಿತು?’ ಎಂದು ಕೇಳಿದರೆ ಮಾತ್ರ ಉತ್ತರ ಇರುವುದಿಲ್ಲ. ಆ ಪ್ರಯೋಗ ಅದನ್ನು ತೋರಿಸುವುದೇ ಇಲ್ಲ. ಕ್ರಿಯೆಯನ್ನು ಆರಿಸಬೇಕಾದ್ದು ಅದು ಸುಲಭವೇ ಎಂದು ನೋಡಿ ಅಲ್ಲ, ನೀವು ಕೇಳುತ್ತಿರುವ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆಯೇ ಎಂದು ನೋಡಿ. ಸಾಮಾನ್ಯ ಕಾಲೇಜು ಲ್ಯಾಬಿನಲ್ಲಿ ಮಾಡಬಹುದಾದ ಕ್ರಿಯೆಗಳನ್ನು ಇಲ್ಲಿ ಅದೇ ಕಣ್ಣಿನಿಂದ ಅಕ್ಕಪಕ್ಕ ಇಟ್ಟು ನೋಡಿದ್ದೇವೆ.

ಮೊದಲು ಅರ್ಧಾಯು, ಆಮೇಲೆ ಉಪಕರಣ

5 ಮಿ.ಲೀ. ಪಿಪೆಟ್ ಖಾಲಿಯಾಗಲು ಹತ್ತರಿಂದ ಹದಿನೈದು ಸೆಕೆಂಡು ಬೇಕು. ಅಷ್ಟರೊಳಗೂ ಕ್ರಿಯೆ ನಡೆಯುತ್ತಲೇ ಇರುತ್ತದೆ. ಅರ್ಧಾಯು (ಪ್ರತಿವರ್ತಕದ ಅರ್ಧ ಭಾಗ ಮುಗಿಯಲು ಬೇಕಾದ ಸಮಯ) 3 ನಿಮಿಷವಿದ್ದರೆ ಈ 15 ಸೆಕೆಂಡು ಅದರ ಶೇ. 8ರಷ್ಟಾಯಿತು, ಅಂಥ ಕ್ರಿಯೆಗೆ ಟೈಟ್ರೇಶನ್ ಹೊಂದುವುದಿಲ್ಲ. ಸ್ಯಾಂಪಲ್ ತೆಗೆದು ಟೈಟ್ರೇಟ್ ಮಾಡುವ ವಿಧಾನಕ್ಕೆ ಅರ್ಧಾಯು 20 ನಿಮಿಷಕ್ಕಿಂತ ಮೇಲಿರಲಿ. ಎರಡರಿಂದ ಹದಿನೈದು ನಿಮಿಷದೊಳಗಿನ ಕ್ರಿಯೆಗಳಿಗೆ ಕಲರಿಮೀಟರ್ ಅಥವಾ ಕಂಡಕ್ಟಿವಿಟಿ ಮೀಟರ್ ಬೇಕು, ಇಲ್ಲವೇ ಬಣ್ಣ ಬರುವ ಅಥವಾ ಹೋಗುವ ಕ್ಷಣವನ್ನು ಸ್ಟಾಪ್‌ವಾಚ್‌ನಲ್ಲಿ ಹಿಡಿಯಬೇಕು. ಕೆಲವೇ ಸೆಕೆಂಡಿನಲ್ಲಿ ಮುಗಿಯುವುದಕ್ಕೆ ಸ್ಟಾಪ್ಡ್-ಫ್ಲೋ ಉಪಕರಣವೇ ಬೇಕು, ಅದು ಈ ಬರಹದ ವ್ಯಾಪ್ತಿಗೆ ಹೊರಗು.

ಪಿಪೆಟ್‌ನಿಂದ ಬಿಡುವಾಗ ಅರ್ಧ ಇಳಿದ ಕ್ಷಣವನ್ನು ಸಮಯವೆಂದು ಬರೆದುಕೊಳ್ಳಿ. ಕೆಲವರು ಶುರುವಿನಲ್ಲಿ ವಾಚ್ ಒತ್ತುತ್ತಾರೆ, ಕೆಲವರು ಕೊನೆಯಲ್ಲಿ. ಒಬ್ಬರೇ ಎಲ್ಲ ರೀಡಿಂಗ್‌ಗೂ ಒಂದೇ ಕ್ರಮ ಇಟ್ಟುಕೊಂಡರೆ ಅಡ್ಡಿಯಿಲ್ಲ. ಜೊತೆಗಾರರು ಪಾಳಿಯಲ್ಲಿ ಮಾಡುವಾಗ ಗ್ರಾಫಿನಲ್ಲಿ ಬಿಂದುಗಳು ಅಂಕುಡೊಂಕಾಗುವುದಕ್ಕೆ ಇದೇ ಕಾರಣ.

ಎರಡನೆಯದು ತಾಪಮಾನ. ಮಾರ್ಚ್ ತಿಂಗಳಲ್ಲಿ ಲ್ಯಾಬ್ ಬೆಳಗ್ಗೆ 25 ಡಿಗ್ರಿ ಇದ್ದದ್ದು ಮಧ್ಯಾಹ್ನ 32ಕ್ಕೆ ಏರುವುದು ನಮ್ಮಲ್ಲಿ ಮಾಮೂಲು. ಎಸ್ಟರ್ ಕ್ರಿಯೆಯ ಸಕ್ರಿಯಕರಣ ಶಕ್ತಿ (ಕ್ರಿಯೆ ನಡೆಯಲು ಅಣುಗಳು ದಾಟಬೇಕಾದ ಶಕ್ತಿಯ ತಡೆ) ಮೋಲಿಗೆ 70 ಕಿಲೋಜೂಲ್‌ಗೆ ಹತ್ತಿರ, ಅಂದರೆ 1 ಡಿಗ್ರಿ ವ್ಯತ್ಯಾಸಕ್ಕೆ ವೇಗ ಶೇ. 9ರಿಂದ 10 ಬದಲಾಗುತ್ತದೆ. ಸಕ್ಕರೆಯ ವಿಲೋಮ ಕ್ರಿಯೆಗೆ (ಆಮ್ಲದಲ್ಲಿ ಸಕ್ಕರೆ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುವುದು) ಅದು 108ರಷ್ಟಿದ್ದು, 1 ಡಿಗ್ರಿಗೆ ಶೇ. 15ರಷ್ಟು ಹೆಚ್ಚುಕಡಿಮೆ. ನೀವು ಬ್ಯುರೆಟ್‌ನಲ್ಲಿ 0.05 ಮಿ.ಲೀ.ಗೆ ಎಷ್ಟು ತಲೆಕೆಡಿಸಿಕೊಂಡರೂ ಈ ದೋಷದ ಮುಂದೆ ಅದು ಏನೂ ಅಲ್ಲ. ಥರ್ಮೋಸ್ಟಾಟ್ ಇಲ್ಲದಿದ್ದರೆ 15–20 ಲೀಟರ್ ನೀರು ಹಿಡಿಯುವ ಪ್ಲಾಸ್ಟಿಕ್ ಟಬ್ ಸಾಕು. ಅಷ್ಟು ನೀರಿನ ತಾಪ ಒಂದು ಗಂಟೆಯಲ್ಲಿ ಅಷ್ಟೇನೂ ಅಲುಗುವುದಿಲ್ಲ, ಅಲುಗಿದರೆ ಒಂದು ಮಗ್ ಬಿಸಿನೀರೋ ತಣ್ಣೀರೋ ಸೇರಿಸಿ ಸರಿಮಾಡಬಹುದು. ಬೆರೆಸುವ ಎರಡೂ ದ್ರಾವಣಗಳನ್ನು ಬೇರೆಬೇರೆಯಾಗಿ ಕಾಲು ಗಂಟೆ ಅದರಲ್ಲಿ ಇಟ್ಟ ಮೇಲೆಯೇ ಬೆರೆಸಿ.

ಎಸ್ಟರ್: ಆಮ್ಲದಲ್ಲೋ ಕ್ಷಾರದಲ್ಲೋ

ಹೆಸರು ಒಂದೇ ಆದರೂ ಇವು ಎರಡು ಬೇರೆ ಪ್ರಯೋಗಗಳು. ಆಮ್ಲದಲ್ಲಿ ಹೈಡ್ರೋಜನ್ ಅಯಾನು ನಿಜವಾದ ಕ್ರಿಯಾವರ್ಧಕ: ಕೊನೆಗೂ ಅದು ಇದ್ದಷ್ಟೇ ಉಳಿಯುತ್ತದೆ, ಕ್ರಿಯೆ ಹುಸಿ ಫಸ್ಟ್ ಆರ್ಡರ್ (ವೇಗ ಎಸ್ಟರ್‌ನ ಸಾರತೆಯನ್ನಷ್ಟೇ ಅನುಸರಿಸಿ ಇಳಿಯುತ್ತದೆ). ಕ್ಷಾರದಲ್ಲಿ ಹೈಡ್ರಾಕ್ಸೈಡ್ ಖರ್ಚಾಗುತ್ತದೆ, ಆದ್ದರಿಂದ ಅದು ಕ್ರಿಯಾವರ್ಧಕ ಅಲ್ಲ, ಪ್ರತಿವರ್ತಕ. ಕ್ರಿಯೆ ಸೆಕೆಂಡ್ ಆರ್ಡರ್ (ವೇಗ ಎಸ್ಟರ್, ಹೈಡ್ರಾಕ್ಸೈಡ್ ಎರಡರ ಸಾರತೆಯನ್ನೂ ಅನುಸರಿಸುತ್ತದೆ). ‘ಕ್ಷಾರ ಕ್ರಿಯಾವರ್ಧನೆ’ ಎಂಬ ಶೀರ್ಷಿಕೆ ಹಾಕಿ ಸಪೋನಿಫಿಕೇಶನ್ (ಕ್ಷಾರದಿಂದ ಎಸ್ಟರ್ ಒಡೆಯುವ ಇದೇ ಕ್ರಿಯೆ) ಮಾಡಿದ ಪ್ರಾಜೆಕ್ಟ್ ವರದಿಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಅಲ್ಲಿ ತಪ್ಪು ಶೀರ್ಷಿಕೆಯಿಂದಲೇ ಶುರುವಾಗಿರುತ್ತದೆ.

ಆಮ್ಲದ ಪ್ರಯೋಗದ ಸಮಸ್ಯೆ ನಿಧಾನ. ಈಥೈಲ್ ಅಸಿಟೇಟ್‌ಗೆ 25 ಡಿಗ್ರಿಯಲ್ಲಿ 0.5 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲವಿದ್ದರೆ ಅರ್ಧಾಯು ಸುಮಾರು ಮೂರೂವರೆ ಗಂಟೆ. ಮೀಥೈಲ್ ಅಸಿಟೇಟ್ ಕೂಡ ಹೆಚ್ಚುಕಡಿಮೆ ಹಾಗೆಯೇ. ಮೂರು ಗಂಟೆಯ ಪ್ರಾಕ್ಟಿಕಲ್‌ನಲ್ಲಿ 60 ನಿಮಿಷದವರೆಗೆ ರೀಡಿಂಗ್ ತೆಗೆದವರು ಕ್ರಿಯೆಯ ಐದನೇ ಒಂದು ಭಾಗವನ್ನೂ ನೋಡಿರುವುದಿಲ್ಲ. ಅಷ್ಟು ಚಿಕ್ಕ ತುಂಡಿನಲ್ಲಿ ಯಾವ ಆರ್ಡರ್‌ನ ಗ್ರಾಫ್ ಹಾಕಿದರೂ ನೇರ ಗೆರೆಯೇ ಬರುತ್ತದೆ! 35 ಡಿಗ್ರಿಗೆ ಏರಿಸಿದರೆ ಅರ್ಧಾಯು ಒಂದೂವರೆ ಗಂಟೆಯೊಳಗೆ ಬರುತ್ತದೆ. ಆಮ್ಲವನ್ನು 1 ಮೋಲಾರ್ ಮಾಡಿದರೆ ಅದರಲ್ಲೂ ಅರ್ಧ.

ಇನ್ನೊಂದು ತೊಡಕು ಲೆಕ್ಕದ್ದು. 100 ಮಿ.ಲೀ. 0.5 ನಾರ್ಮಲ್ ಆಮ್ಲಕ್ಕೆ 5 ಮಿ.ಲೀ. ಮೀಥೈಲ್ ಅಸಿಟೇಟ್ ಹಾಕಿ, 5 ಮಿ.ಲೀ. ಸ್ಯಾಂಪಲ್ ತೆಗೆದು 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಟೈಟ್ರೇಟ್ ಮಾಡಿದರೆ ಮೊದಲ ರೀಡಿಂಗ್ 24 ಮಿ.ಲೀ. ಆಸುಪಾಸು, ಕೊನೆಯದು 53ರ ಮೇಲೆ. 50 ಮಿ.ಲೀ. ಬ್ಯುರೆಟ್ ಖಾಲಿಯಾಗಿ ಮತ್ತೆ ತುಂಬಿಸಬೇಕಾಗುತ್ತದೆ. 2 ಮಿ.ಲೀ. ಸ್ಯಾಂಪಲ್ ತೆಗೆಯಿರಿ, ಇಲ್ಲವೇ ಕ್ಷಾರವನ್ನು 0.2 ನಾರ್ಮಲ್ ಮಾಡಿಕೊಳ್ಳಿ. ಸ್ಯಾಂಪಲನ್ನು ಐಸ್ ನೀರಿಗೇ ಬಿಡಬೇಕು: ತಣಿಯುವುದೂ ತೆಳುವಾಗುವುದೂ ಎರಡೂ ಸೇರಿ ಕ್ರಿಯೆ ನಿಂತಂತಾಗುತ್ತದೆ. ಫಿನಾಲ್ಫ್ಥಲೀನ್‌ನ ಗುಲಾಬಿ ಬಣ್ಣ ಬಂದ ಮೇಲೆ ಕೆಲವು ಸೆಕೆಂಡಿನಲ್ಲಿ ಮಾಸುತ್ತದೆ, ಏಕೆಂದರೆ ಉಳಿದ ಎಸ್ಟರ್ ಹೆಚ್ಚಾದ ಕ್ಷಾರವನ್ನು ತಿನ್ನುತ್ತದೆ. ಮೊದಲ ಸಲ ಗುಲಾಬಿ ಕೆಲವು ಸೆಕೆಂಡಾದರೂ ನಿಂತ ಬಿಂದುವೇ ಎಂಡ್ ಪಾಯಿಂಟ್. ಮಾಸಿತೆಂದು ಮತ್ತೆ ಹನಿ ಹಾಕುತ್ತಾ ಹೋಗಬೇಡಿ.

ಕ್ಷಾರದ ಪ್ರಯೋಗಕ್ಕೆ ಕಂಡಕ್ಟಿವಿಟಿ ಮೀಟರ್ ಇದ್ದರೆ ಅದೇ ಚೆಂದ. 0.02 ಮೋಲಾರ್ ಈಥೈಲ್ ಅಸಿಟೇಟ್ ಮತ್ತು 0.02 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಸಮಪ್ರಮಾಣದಲ್ಲಿ ಬೆರೆಸಿದಾಗ ಎರಡೂ 0.01 ಆಗುತ್ತವೆ, 25 ಡಿಗ್ರಿಯಲ್ಲಿ ಅರ್ಧಾಯು ಸುಮಾರು 15 ನಿಮಿಷ. ಎಸ್ಟರ್ ದ್ರಾವಣಕ್ಕೆ 250 ಮಿ.ಲೀ. ನೀರಿಗೆ ಅರ್ಧ ಮಿ.ಲೀ.ಗಿಂತ ಕೂದಲೆಳೆ ಕಡಿಮೆ ಸಾಕು. ಆದರೆ ಅಳತೆ ಪಿಪೆಟ್‌ಗಿಂತ ತೂಕ (0.44 ಗ್ರಾಂ) ನಂಬಿಕೆಗೆ ಅರ್ಹ, ಎಸ್ಟರ್ ಪಿಪೆಟ್‌ನಲ್ಲೇ ಆವಿಯಾಗುತ್ತಿರುತ್ತದೆ. ವಾಹಕತೆ ಸೆಂ.ಮೀ.ಗೆ 2.4 ಮಿಲಿಸೀಮೆನ್ಸ್‌ನ ಹತ್ತಿರದಿಂದ 0.85ರ ಹತ್ತಿರಕ್ಕೆ ಇಳಿಯುತ್ತದೆ: ಚುರುಕಾಗಿ ಓಡುವ ಹೈಡ್ರಾಕ್ಸೈಡ್ ಹೋಗಿ ನಿಧಾನದ ಅಸಿಟೇಟ್ ಬರುವುದರಿಂದ. ಕೊನೆಯ ರೀಡಿಂಗ್‌ಗಾಗಿ ಮರುದಿನದವರೆಗೆ ಕಾಯಬೇಕಿಲ್ಲ, 0.01 ಮೋಲಾರ್ ಸೋಡಿಯಂ ಅಸಿಟೇಟ್ ದ್ರಾವಣ ಮಾಡಿ ಅದೇ ತಾಪದಲ್ಲಿ ಅಳೆದರಾಯಿತು. ನೀರನ್ನು ಕುದಿಸಿ ಆರಿಸಿ ಬಳಸದಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಇಷ್ಟು ತೆಳು ಕ್ಷಾರವನ್ನು ಸದ್ದಿಲ್ಲದೆ ಕಡಿಮೆ ಮಾಡುತ್ತದೆ, ಆಗ ಸೆಕೆಂಡ್ ಆರ್ಡರ್ ಗ್ರಾಫ್ ಕೊನೆಯಲ್ಲಿ ಬಾಗುತ್ತದೆ. ವಾಹಕತೆಯೂ ಡಿಗ್ರಿಗೆ ಶೇ. 2ರಷ್ಟು ಬದಲಾಗುವುದರಿಂದ ಟಬ್ ಇಲ್ಲಿ ಎರಡು ಪಟ್ಟು ಮುಖ್ಯ.

ನಮ್ಮ ತೀರ್ಪು: ಸೆಕೆಂಡ್ ಆರ್ಡರ್ ಕಲಿಯಲು ಕ್ಷಾರದ್ದು ಸೊಗಸು. ಆಮ್ಲದ್ದನ್ನು ಪ್ರಾಕ್ಟಿಕಲ್ ತರಗತಿಗೆ ಬಿಡಿ, ಪ್ರಾಜೆಕ್ಟಿಗೆ ಎಳೆದು ತರಬೇಡಿ.

ಅಸಿಟೋನ್–ಅಯೋಡಿನ್: ಕ್ರಿಯೆಯ ಹಾದಿ ತಿಳಿಯಬೇಕಾದರೆ

ಆಮ್ಲದ ಸಮ್ಮುಖದಲ್ಲಿ ಅಸಿಟೋನ್ ಅಯೋಡಿನ್ ಜೊತೆ ಕೂಡುತ್ತದೆ. ವಿಚಿತ್ರವೆಂದರೆ ಅಯೋಡಿನ್ ಎಷ್ಟಿದ್ದರೂ ವೇಗ ಬದಲಾಗುವುದಿಲ್ಲ. ಅಸಿಟೋನ್‌ಗೆ ಫಸ್ಟ್ ಆರ್ಡರ್, ಆಮ್ಲಕ್ಕೆ ಫಸ್ಟ್ ಆರ್ಡರ್, ಅಯೋಡಿನ್‌ಗೆ ಜೀರೋ ಆರ್ಡರ್. ಸಮೀಕರಣದಲ್ಲಿ ಇರುವ ಅಯೋಡಿನ್ ವೇಗದ ನಿಯಮದಲ್ಲಿಲ್ಲ, ಸಮೀಕರಣದಲ್ಲಿ ಇಲ್ಲದ ಆಮ್ಲ ವೇಗದ ನಿಯಮದಲ್ಲಿದೆ. ಆರ್ಥರ್ ಲ್ಯಾಪ್‌ವರ್ತ್ 1904ರಲ್ಲಿ ಇದಕ್ಕೆ ಕೊಟ್ಟ ವಿವರಣೆ ಇಂದಿಗೂ ನಿಂತಿದೆ: ನಿಧಾನದ ಹೆಜ್ಜೆ ಅಸಿಟೋನ್ ಈನಾಲ್ ಎಂಬ ಇನ್ನೊಂದು ರೂಪಕ್ಕೆ ತಿರುಗುವುದು. ಅದಕ್ಕೆ ಆಮ್ಲ ಬೇಕು. ಈನಾಲ್ ಆದ ತಕ್ಷಣ ಅಯೋಡಿನ್ ಅದನ್ನು ಹಿಡಿದುಬಿಡುತ್ತದೆ. ಕ್ರಿಯಾವರ್ಧಕ ಯಾವ ಹೆಜ್ಜೆಯಲ್ಲಿ ಕೈ ಹಾಕಿತು ಎಂಬುದನ್ನು ಒಂದು ಸ್ಟಾಪ್‌ವಾಚ್‌ನಿಂದ ಸಾಬೀತು ಮಾಡಬಹುದಾದ ಇಂಥ ಕ್ರಿಯೆಗಳು ಬೆರಳೆಣಿಕೆಯಷ್ಟು.

ತಯಾರಿ ಹೀಗೆ. 2.5 ಗ್ರಾಂ ಪೊಟ್ಯಾಸಿಯಂ ಅಯೋಡೈಡನ್ನು ಮೊದಲು ಐದಾರು ಮಿ.ಲೀ. ನೀರಿನಲ್ಲಿ ಕರಗಿಸಿ, ಅದರಲ್ಲಿ 0.32 ಗ್ರಾಂ ಅಯೋಡಿನ್ ಪೂರ್ತಿ ಕರಗಿದ ಮೇಲೆ 250 ಮಿ.ಲೀ.ಗೆ ಏರಿಸಿ. ಮೊದಲೇ ನೀರು ತುಂಬಿದರೆ ಅಯೋಡಿನ್ ಹರಳುಗಳು ತಳದಲ್ಲಿ ಗಂಟೆಗಟ್ಟಲೆ ಕೂರುತ್ತವೆ. ಇದು 0.005 ಮೋಲಾರ್. ಅಸಿಟೋನ್ 73.5 ಮಿ.ಲೀ. ತೆಗೆದು 250ಕ್ಕೆ ಏರಿಸಿದರೆ 4 ಮೋಲಾರ್. ಹೈಡ್ರೋಕ್ಲೋರಿಕ್ ಆಮ್ಲ 1 ಮೋಲಾರ್. ಮೂರರಿಂದಲೂ ತಲಾ 10 ಮಿ.ಲೀ., ನೀರು 20 ಮಿ.ಲೀ., ಒಟ್ಟು 50. ಅಯೋಡಿನ್ ಕೊನೆಗೆ. ಬಿಳಿ ಕಾಗದದ ಮೇಲೆ ಫ್ಲಾಸ್ಕ್ ಇಟ್ಟು, ಪಕ್ಕದಲ್ಲಿ ಅಷ್ಟೇ ನೀರು ತುಂಬಿದ ಇನ್ನೊಂದು ಫ್ಲಾಸ್ಕ್ ಇಟ್ಟು ಹೋಲಿಸುತ್ತಾ ಹೋಗಿ. ಕಂದು ಹಳದಿಯಾಗಿ, ಹಳದಿ ತಿಳಿಯಾಗಿ, ಕೊನೆಗೆ ಎರಡೂ ಫ್ಲಾಸ್ಕ್ ಒಂದೇ ತೆರ ಕಾಣುವ ಕ್ಷಣಕ್ಕೆ ವಾಚ್ ನಿಲ್ಲಿಸಿ. 25 ಡಿಗ್ರಿಯಲ್ಲಿ ಸುಮಾರು 4 ನಿಮಿಷ, 30 ಡಿಗ್ರಿಯಲ್ಲಿ 2 ನಿಮಿಷ ಚಿಲ್ಲರೆ. ಅಸಿಟೋನ್ ಅರ್ಧ ಮಾಡಿದರೆ ಸಮಯ ಎರಡು ಪಟ್ಟು, ಆಮ್ಲ ಅರ್ಧ ಮಾಡಿದರೂ ಎರಡು ಪಟ್ಟು. ಅಯೋಡಿನ್ ಅರ್ಧ ಮಾಡಿದರೆ ಸಮಯವೂ ಅರ್ಧ. ಅಂದರೆ ವೇಗ ಅಷ್ಟೇ ಇದೆ.

ಕಲರಿಮೀಟರ್ ಇದ್ದರೆ ನೀಲಿ ಫಿಲ್ಟರ್ ಹಾಕಿ 15 ಸೆಕೆಂಡಿಗೊಮ್ಮೆ ಓದಿ. ಗ್ರಾಫ್ ಅಳತೆಗೋಲು ಇಟ್ಟು ಎಳೆದಂತೆ ನೇರವಾಗಿ ಇಳಿದು, ಅಯೋಡಿನ್ ಮುಗಿದ ಜಾಗದಲ್ಲಿ ತಟ್ಟನೆ ಮೂಲೆ ತಿರುಗುತ್ತದೆ. ಆ ಮೂಲೆಯೇ ಜೀರೋ ಆರ್ಡರ್‌ನ ಗುರುತು. ಫಸ್ಟ್ ಆರ್ಡರ್ ಆಗಿದ್ದರೆ ಗೆರೆ ಮೆಲ್ಲಗೆ ಬಾಗುತ್ತಾ ಹೋಗಬೇಕಿತ್ತು. ಮೂಲೆ ದುಂಡಗಾದರೆ ಅಸಿಟೋನ್ ಸಾಕಷ್ಟು ಹೆಚ್ಚಾಗಿಲ್ಲ, ಅಥವಾ ಕ್ಯೂವೆಟ್‌ನಲ್ಲಿ (ಕಲರಿಮೀಟರ್‌ನಲ್ಲಿ ದ್ರಾವಣ ಇಡುವ ಕೊಳವೆ) ಸರಿಯಾಗಿ ಬೆರೆತಿಲ್ಲ ಎಂದರ್ಥ.

ಪುಸ್ತಕಗಳು ಇದನ್ನು ಸ್ವಯಂ ಕ್ರಿಯಾವರ್ಧನೆ ಎಂದೂ ಹೇಳುತ್ತವೆ, ಏಕೆಂದರೆ ಹೈಡ್ರೋಜನ್ ಅಯೋಡೈಡ್ ಹುಟ್ಟಿ ಆಮ್ಲ ಹೆಚ್ಚುತ್ತದೆ. ಆದರೆ ಮೇಲಿನ ಮಿಶ್ರಣದಲ್ಲಿ ಅದನ್ನು ಹುಡುಕಬೇಡಿ: 0.2 ಮೋಲಾರ್ ಆಮ್ಲಕ್ಕೆ 0.001 ಸೇರಿದರೆ ಹೆಚ್ಚಳ ಶೇ. ಅರ್ಧ. ಅದನ್ನೇ ತೋರಿಸಬೇಕಿದ್ದರೆ ಆಮ್ಲ ಹಾಕದೆಯೇ ಶುರು ಮಾಡಿ ಗಂಟೆಗಟ್ಟಲೆ ಕಾಯಬೇಕು.

ಒಂದು ಎಚ್ಚರ. ಇಲ್ಲಿ ಹುಟ್ಟುವ ಅಯೋಡೋಅಸಿಟೋನ್ ಕಣ್ಣಿಗೆ ಉರಿ ಕೊಟ್ಟು ನೀರು ಸುರಿಸುವ ವಸ್ತು. ಪ್ರಮಾಣ ಇಷ್ಟೇ ಇರಲಿ, ಕಿಟಕಿ ತೆರೆದಿರಲಿ, ಮುಗಿದ ದ್ರಾವಣಗಳನ್ನು ಒಂದೇ ಬೀಕರ್‌ನಲ್ಲಿ ಬಿಸಿಲಿಗೆ ಕೂಡಿಡಬೇಡಿ.

ಪರ್ಸಲ್ಫೇಟ್–ಅಯೋಡೈಡ್: ಕ್ರಿಯಾವರ್ಧನೆ ಅಳೆಯಲು ನಮ್ಮ ಮೊದಲ ಆಯ್ಕೆ

ಕ್ರಿಯಾವರ್ಧಕ ಸಕ್ರಿಯಕರಣ ಶಕ್ತಿಯನ್ನು ಎಷ್ಟು ಇಳಿಸಿತು ಎಂದು ಅಳೆಯಬೇಕಾದರೆ ಅದು ಇದ್ದಾಗಿನ ವೇಗ, ಇಲ್ಲದಾಗಿನ ವೇಗ ಎರಡೂ ಒಂದೇ ಮೇಜಿನ ಮೇಲೆ ಸಿಗಬೇಕು. ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಇದು ಆಗದು: ಕ್ರಿಯಾವರ್ಧಕ ಇಲ್ಲದೆ ಕೋಣೆಯ ತಾಪದಲ್ಲಿ ಅದು ಅಳೆಯುವಷ್ಟು ವಿಘಟನೆಯಾಗುವುದೇ ಇಲ್ಲ, 75 ಕಿಲೋಜೂಲ್ ಎಂಬ ಸಂಖ್ಯೆಯನ್ನು ಪುಸ್ತಕದಿಂದ ಎತ್ತಬೇಕಾಗುತ್ತದೆ. ಪರ್ಸಲ್ಫೇಟ್ ಹಾಗಲ್ಲ. ಬರಿದೇ ನಡೆಯುವ ಕ್ರಿಯೆಯೂ ಒಂದು ನಿಮಿಷದೊಳಗೆ ಅಳತೆಗೆ ಸಿಗುತ್ತದೆ, ಕಬ್ಬಿಣ ಹಾಕಿದ್ದೂ ಸಿಗುತ್ತದೆ. ಕಾರಣವೂ ಸರಳವಾಗಿ ಹೇಳಬಹುದಾದದ್ದು. ಪರ್ಸಲ್ಫೇಟ್, ಅಯೋಡೈಡ್ ಎರಡೂ ಋಣ ಅಯಾನುಗಳು, ಒಂದನ್ನೊಂದು ತಳ್ಳುತ್ತವೆ. ಧನ ಆವೇಶದ ಫೆರಸ್ ಅಯಾನು ಪರ್ಸಲ್ಫೇಟ್ ಬಳಿ ಸುಲಭವಾಗಿ ಹೋಗಿ ಫೆರಿಕ್ ಆಗುತ್ತದೆ, ಆ ಫೆರಿಕ್ ಅಯೋಡೈಡನ್ನು ಉತ್ಕರ್ಷಿಸಿ ಮತ್ತೆ ಫೆರಸ್ ಆಗುತ್ತದೆ.

ಕ್ಲಾಕ್ ವಿಧಾನದ ಮಿಶ್ರಣ: 0.2 ಮೋಲಾರ್ ಪೊಟ್ಯಾಸಿಯಂ ಅಯೋಡೈಡ್ 20 ಮಿ.ಲೀ., 0.005 ಮೋಲಾರ್ ಸೋಡಿಯಂ ಥಯೋಸಲ್ಫೇಟ್ 10 ಮಿ.ಲೀ., ಸ್ಟಾರ್ಚ್ ನಾಲ್ಕೈದು ಹನಿ ಒಂದು ಫ್ಲಾಸ್ಕ್‌ನಲ್ಲಿ. 0.1 ಮೋಲಾರ್ ಅಮೋನಿಯಂ ಪರ್ಸಲ್ಫೇಟ್ 20 ಮಿ.ಲೀ. ಇನ್ನೊಂದರಲ್ಲಿ. ಎರಡನೆಯದನ್ನು ಮೊದಲನೆಯದಕ್ಕೆ ಒಮ್ಮೆಲೇ ಸುರಿದು ವಾಚ್ ಒತ್ತಿ, ಫ್ಲಾಸ್ಕ್ ತಿರುಗಿಸುತ್ತಿರಿ. 25 ಡಿಗ್ರಿಯಲ್ಲಿ ಅರ್ಧ ನಿಮಿಷದ ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ಕಡುನೀಲಿ. ಹುಟ್ಟಿದ ಅಯೋಡಿನನ್ನು ಥಯೋಸಲ್ಫೇಟ್ ಅಷ್ಟಷ್ಟೇ ನುಂಗುತ್ತಿರುತ್ತದೆ, ಅದು ಮುಗಿದ ಕ್ಷಣ ಬಣ್ಣ. ಆ ಹೊತ್ತಿಗೆ ಪರ್ಸಲ್ಫೇಟ್‌ನಲ್ಲಿ ಖರ್ಚಾಗಿರುವುದು ಶೇ. 1ಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ, ಆದ್ದರಿಂದ ಸಿಗುವುದು ಆರಂಭಿಕ ವೇಗವೇ. ಎಲ್ಲಕ್ಕಿಂತ ನಿಖರವಾಗಿ ಅಳೆಯಬೇಕಾದ್ದು ಥಯೋಸಲ್ಫೇಟನ್ನು. ಅದರಲ್ಲಿ ಶೇ. 5 ತಪ್ಪಿದರೆ ವೇಗದಲ್ಲೂ ಶೇ. 5 ತಪ್ಪು.

ಸಾರತೆ ಬದಲಿಸುವಾಗ ಬಹುತೇಕರು ಎಡವುವುದು ಇಲ್ಲಿ: ಅಯೋಡೈಡನ್ನು 10 ಮಿ.ಲೀ.ಗೆ ಇಳಿಸಿ ಉಳಿದ 10 ಮಿ.ಲೀ. ನೀರು ತುಂಬಿಸುತ್ತಾರೆ. ಆಗ ದ್ರಾವಣದ ಅಯಾನಿಕ್ ಸ್ಟ್ರೆಂತ್ (ಅಯಾನುಗಳ ಸಾರತೆ, ಆವೇಶ ಎರಡೂ ಸೇರಿದ ಅಳತೆ) ಬದಲಾಗಿ, ಇಬ್ಬರು ಋಣ ಅಯಾನುಗಳ ನಡುವಿನ ಕ್ರಿಯೆ ಆ ಕಾರಣಕ್ಕೇ ನಿಧಾನವಾಗುತ್ತದೆ. ಆರ್ಡರ್ 1 ಬರಬೇಕಾದದ್ದು 1.1, 1.2 ಎಂದು ಬರುತ್ತದೆ. ನೀರಿನ ಬದಲು 0.2 ಮೋಲಾರ್ ಪೊಟ್ಯಾಸಿಯಂ ನೈಟ್ರೇಟ್ ಹಾಕಿ. ಪರ್ಸಲ್ಫೇಟ್ ಇಳಿಸಿದಾಗ 0.1 ಮೋಲಾರ್ ಅಮೋನಿಯಂ ಸಲ್ಫೇಟ್.

ಇದೇ ತೊಂದರೆಯನ್ನು ಎಂ.ಎಸ್ಸಿ. ವಿದ್ಯಾರ್ಥಿಗಳು ಪ್ರಾಜೆಕ್ಟಾಗಿ ತಿರುಗಿಸಿಕೊಳ್ಳಬಹುದು. ಉಪ್ಪು ಹೆಚ್ಚಿಸುತ್ತಾ ವೇಗ ಅಳೆದು, ವೇಗ ಸ್ಥಿರಾಂಕದ ಲಾಗನ್ನು ಅಯಾನಿಕ್ ಸ್ಟ್ರೆಂತ್‌ನ ವರ್ಗಮೂಲಕ್ಕೆ ಜೋಡಿಸುವ ಬ್ರಾನ್‌ಸ್ಟೆಡ್–ಬ್ಯೆರಮ್ ಸಮೀಕರಣ ಪರೀಕ್ಷಿಸುವುದು. ಸಿದ್ಧಾಂತದ ಸ್ಲೋಪ್ 2ರ ಹತ್ತಿರ, ಆದರೆ ಮೇಲಿನ ಮಿಶ್ರಣದ ಅಯಾನಿಕ್ ಸ್ಟ್ರೆಂತ್ ಆಗಲೇ 0.2 ಇರುವುದರಿಂದ ಬರೀ ವರ್ಗಮೂಲದ ಗ್ರಾಫಿನಲ್ಲಿ ಸ್ಲೋಪ್ ಕಡಿಮೆಯೇ ಬರುತ್ತದೆ. ಬರೀ ವರ್ಗಮೂಲದ ಆ ನಿಯಮ (ಲಿಮಿಟಿಂಗ್ ನಿಯಮ) ಸರಿಹೊಂದುವುದು 0.01ರ ಕೆಳಗೆ. ವರ್ಗಮೂಲವನ್ನು ‘ಒಂದು ಕೂಡಿಸು ವರ್ಗಮೂಲ’ದಿಂದ ಭಾಗಿಸಿ ಗ್ರಾಫ್ ಹಾಕಿದರೆ ಹತ್ತಿರ ಬರುತ್ತದೆ.

ಕ್ರಿಯಾವರ್ಧಕವಾಗಿ ಫೆರಸ್ ಸಲ್ಫೇಟ್ 0.001 ಮೋಲಾರ್, ಒಂದು ಹನಿ ಸಲ್ಫ್ಯೂರಿಕ್ ಆಮ್ಲ ಸೇರಿಸಿ ಅಂದೇ ಮಾಡಿದ್ದು. 1, 2, 4 ಮಿ.ಲೀ. ಸರಣಿಯಿಂದ ಟ್ರಯಲ್ ನೋಡಿ ಪ್ರಮಾಣ ಗೊತ್ತುಮಾಡಿಕೊಳ್ಳಿ, ಒಟ್ಟು ಗಾತ್ರ ಎಲ್ಲ ಸಲವೂ ಒಂದೇ ಇರಲಿ. ತಾಮ್ರವೂ ಕೆಲಸ ಮಾಡುತ್ತದೆ, ಆದರೆ ಜಾಗ್ರತೆ: ಕ್ಯೂಪ್ರಿಕ್ ಅಯಾನು ತಾನೇ ಅಯೋಡೈಡ್‌ನಿಂದ ಅಯೋಡಿನ್ ಬಿಡಿಸುತ್ತದೆ. 0.1 ಮೋಲಾರ್ ತಾಮ್ರದ ಸಲ್ಫೇಟಿನ ಒಂದೇ ಹನಿ ಥಯೋಸಲ್ಫೇಟ್‌ನ ಹತ್ತನೇ ಒಂದು ಭಾಗವನ್ನು ನೇರವಾಗಿ ತಿಂದುಬಿಡುತ್ತದೆ, ನೀವು ಅದನ್ನು ಕ್ರಿಯಾವರ್ಧನೆ ಎಂದು ಬರೆದುಕೊಳ್ಳುತ್ತೀರಿ. 0.01 ಮೋಲಾರ್‌ಗಿಂತ ಗಟ್ಟಿ ಬೇಡ. ಇನ್ನು ಡಿಸ್ಟಿಲ್ಡ್ ವಾಟರ್‌ನಲ್ಲೇ ತಾಮ್ರದ ಸುಳಿವಿದ್ದರೆ ‘ಕ್ರಿಯಾವರ್ಧಕ ಇಲ್ಲದ’ ರೀಡಿಂಗ್ ದಿನದಿನಕ್ಕೂ ಬೇರೆ ಬರುತ್ತದೆ. ಲೋಹದ ಅಯಾನುಗಳನ್ನು ಹಿಡಿದಿಡುವ ಇ.ಡಿ.ಟಿ.ಎ. 0.1 ಮೋಲಾರ್ ಒಂದು ಹನಿ ಹಾಕಿ ನೋಡಿ: ಸಮಯ ಉದ್ದವಾದರೆ ನೀರೇ ಕಳ್ಳ. ಪರ್ಸಲ್ಫೇಟ್ ದ್ರಾವಣ ಅಂದಂದೇ ಮಾಡಬೇಕು, ಇಟ್ಟರೆ ಶಕ್ತಿ ಕಳೆದುಕೊಳ್ಳುತ್ತದೆ.

ಹೈಡ್ರೋಜನ್ ಪೆರಾಕ್ಸೈಡ್: ಕಣ್ಣಿಗೆ ಹಬ್ಬ, ಲೆಕ್ಕಕ್ಕೆ ಎಚ್ಚರ

ಬೇರೆಬೇರೆ ಕ್ರಿಯಾವರ್ಧಕಗಳನ್ನು ಒಂದಕ್ಕೊಂದು ಹೋಲಿಸಲು ಇದಕ್ಕಿಂತ ಒಳ್ಳೆಯದಿಲ್ಲ: ಅಯೋಡೈಡ್, ಫೆರಿಕ್ ಕ್ಲೋರೈಡ್, ಮ್ಯಾಂಗನೀಸ್ ಡೈಆಕ್ಸೈಡ್, ಆಲೂಗಡ್ಡೆ ರಸದ ಕೆಟಲೇಸ್ ಕೂಡ. ಆದರೆ ಬಾಟಲಿಯಿಂದ ನೇರ ಸುರಿಯಬಾರದು. ಪ್ರತಿ ಮೋಲ್ ವಿಘಟನೆಗೆ 98 ಕಿಲೋಜೂಲ್ ಶಾಖ ಹೊರಬರುತ್ತದೆ. 20 ವಾಲ್ಯೂಮ್ ಪೆರಾಕ್ಸೈಡ್ (ತನ್ನ 20 ಪಟ್ಟು ಗಾತ್ರದ ಆಮ್ಲಜನಕ ಬಿಡುವಂಥದ್ದು, ಸುಮಾರು 1.8 ಮೋಲಾರ್) ಹಾಗೆಯೇ ಬಳಸಿದರೆ ಶಾಖ ಹೊರಹೋಗದಿದ್ದಲ್ಲಿ ತಾಪ 40 ಡಿಗ್ರಿಯಷ್ಟು ಏರಬಲ್ಲದು, ಆಗ ನೀವು ಅಳೆಯುವುದು ಓಡುತ್ತಿರುವ ತಾಪಮಾನವನ್ನು. ಅದರಲ್ಲಿ 2 ಮಿ.ಲೀ. ಮಾತ್ರ ತೆಗೆದು 50 ಮಿ.ಲೀ. ಒಟ್ಟು ಗಾತ್ರಕ್ಕೆ ತೆಳುಮಾಡಿದರೆ ಏರಿಕೆ 2 ಡಿಗ್ರಿಯೊಳಗೆ, ಟಬ್‌ನಲ್ಲಿಟ್ಟರೆ ಅದೂ ಇಲ್ಲ. ಒಟ್ಟು ಆಮ್ಲಜನಕ 27 ಡಿಗ್ರಿಯಲ್ಲಿ 44 ಮಿ.ಲೀ. ಹತ್ತಿರ, ನೀರಿನ ಮೇಲೆ ಹಿಡಿದರೆ ನೀರಾವಿಯಿಂದ ಇನ್ನೂ ಒಂದೂವರೆ ಮಿ.ಲೀ. ಹೆಚ್ಚು. 50 ಮಿ.ಲೀ. ಬ್ಯುರೆಟ್ ತಲೆಕೆಳಗು ಮಾಡಿ ಹಿಡಿಯಬಹುದು. ಮಿಶ್ರಣದಲ್ಲಿ ಪೊಟ್ಯಾಸಿಯಂ ಅಯೋಡೈಡ್ 0.05 ಮೋಲಾರ್ ಇದ್ದರೆ 25 ಡಿಗ್ರಿಯಲ್ಲಿ ಅರ್ಧಾಯು 10 ನಿಮಿಷದ ಆಸುಪಾಸು.

ಮೊದಲ ಒಂದೆರಡು ನಿಮಿಷ ಅನಿಲ ಬರುವುದೇ ಇಲ್ಲ, ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಇದು ಕ್ರಿಯೆ ತಡವಾದದ್ದಲ್ಲ. ಆಮ್ಲಜನಕ ದ್ರಾವಣದಲ್ಲೇ ಮಿತಿಮೀರಿ ಕರಗಿ ಕೂತಿರುತ್ತದೆ. ಮ್ಯಾಗ್ನೆಟಿಕ್ ಸ್ಟರರ್ ಜೋರಾಗಿ ಓಡಿಸಿದರೆ ಸರಿಯಾಗುತ್ತದೆ.

ಟೈಟ್ರೇಶನ್ ಬೇಕೆನ್ನುವವರು ಫೆರಿಕ್ ಕ್ಲೋರೈಡ್ ಆರಿಸಿ, ಸ್ಯಾಂಪಲನ್ನು ತೆಳು ಸಲ್ಫ್ಯೂರಿಕ್ ಆಮ್ಲಕ್ಕೆ ಬಿಟ್ಟು ಪೊಟ್ಯಾಸಿಯಂ ಪರ್ಮಾಂಗನೇಟ್‌ನಿಂದ ಮಾಡಬಹುದು. ಅಯೋಡೈಡ್ ಇದ್ದಾಗ ಪರ್ಮಾಂಗನೇಟ್ ಮುಟ್ಟಬೇಡಿ, ಅದು ಅಯೋಡೈಡನ್ನೂ ಉತ್ಕರ್ಷಿಸುತ್ತದೆ. ಅಯೋಡೈಡ್‌ಗೆ ಅನಿಲದ ಅಳತೆಯೇ ದಾರಿ.

ಮ್ಯಾಂಗನೀಸ್ ಡೈಆಕ್ಸೈಡ್ ಘನ ಕ್ರಿಯಾವರ್ಧಕ, ಅಲ್ಲಿ ಆಟದ ನಿಯಮವೇ ಬೇರೆ. ತೂಕಕ್ಕಿಂತ ಮೇಲ್ಮೈ ಮುಖ್ಯ, ಒಂದೇ ಡಬ್ಬಿಯ ಪುಡಿಯಲ್ಲೂ ಮೇಲಿನದು ಒರಟು, ತಳದ್ದು ನುಣುಪು. ಜರಡಿ ಹಿಡಿದ ಒಂದೇ ಗಾತ್ರದ ಪುಡಿ ಬಳಸಿ. ಸ್ಟರರ್ ವೇಗ ದುಪ್ಪಟ್ಟು ಮಾಡಿದಾಗ ಕ್ರಿಯೆಯ ವೇಗವೂ ಏರಿದರೆ ನೀವು ಅಳೆಯುತ್ತಿರುವುದು ರಸಾಯನವನ್ನಲ್ಲ, ಪೆರಾಕ್ಸೈಡ್ ಮೇಲ್ಮೈಗೆ ಬಂದು ಸೇರುವ ವೇಗವನ್ನು. ಆಗ ಸಕ್ರಿಯಕರಣ ಶಕ್ತಿ ಅನುಮಾನ ಬರುವಷ್ಟು ಕಡಿಮೆ ಬರುತ್ತದೆ. ಈ ಒಂದು ಪರೀಕ್ಷೆ ಮಾಡದ ಘನ ಕ್ರಿಯಾವರ್ಧಕದ ವರದಿಗೆ ಅರ್ಥವಿಲ್ಲ.

ಕೊನೆಯ ರೀಡಿಂಗ್ ನಂಬಿಕೆಗೆ ಬಾರದಿದ್ದರೆ (ಬಿರಡೆ ಸೋರಿ ಹಾಗಾಗುವುದೇ ಹೆಚ್ಚು) ಗುಗ್ಗೆನ್‌ಹೈಮ್ 1926ರಲ್ಲಿ ಹೇಳಿದ ವಿಧಾನವಿದೆ. ಎರಡು ಮೂರು ಅರ್ಧಾಯುವಿನಷ್ಟು ಸಮಯದ ಅಂತರ ಇಟ್ಟು ಜೋಡಿ ರೀಡಿಂಗ್ ತೆಗೆದು, ಅವುಗಳ ವ್ಯತ್ಯಾಸದ ಲಾಗ್ ಗ್ರಾಫ್ ಹಾಕಿದರೆ ಅಂತಿಮ ರೀಡಿಂಗ್ ಬೇಕಾಗುವುದೇ ಇಲ್ಲ. ಫಸ್ಟ್ ಆರ್ಡರ್‌ಗೆ ಮಾತ್ರ.

ಕ್ರಿಸ್ಟಲ್ ವಯೊಲೆಟ್: ಕಲರಿಮೀಟರ್ ಇದ್ದವರಿಗೆ

ಕ್ರಿಸ್ಟಲ್ ವಯೊಲೆಟ್ ಎಂಬ ಡೈನ ನೇರಳೆ ಬಣ್ಣ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಮಾಸುತ್ತದೆ. 250 ಮಿ.ಲೀ.ಗೆ 10 ಮಿ.ಗ್ರಾಂ. ಬಣ್ಣ ಹಾಕಿ, ಅದನ್ನು ಐದು ಪಟ್ಟು ತೆಳುಮಾಡಿ, 10 ಮಿ.ಲೀ. ತೆಗೆದು 0.04 ಮೋಲಾರ್ ಕ್ಷಾರ 10 ಮಿ.ಲೀ. ಬೆರೆಸಿ, 590 ನ್ಯಾನೋಮೀಟರ್‌ನಲ್ಲಿ ಓದಿದರೆ ಆರಂಭದ ಅಬ್ಸಾರ್ಬೆನ್ಸ್ (ದ್ರಾವಣ ಬೆಳಕು ಹೀರುವ ಅಳತೆ) 0.8ರ ಮೇಲೆ, ಅರ್ಧಾಯು 3 ನಿಮಿಷದ ಹತ್ತಿರ. ಹತ್ತು ನಿಮಿಷದಲ್ಲಿ ಒಂದು ಪೂರ್ತಿ ರನ್ ಮುಗಿಯುವುದರಿಂದ ಒಂದು ಮಧ್ಯಾಹ್ನದಲ್ಲಿ ಹನ್ನೆರಡು ರನ್ ಸಲೀಸು. ಅಷ್ಟೊಂದು ಡೇಟಾ ಬೇರೆ ಯಾವುದೂ ಕೊಡುವುದಿಲ್ಲ. ಬಣ್ಣ ಧನ, ಹೈಡ್ರಾಕ್ಸೈಡ್ ಋಣ, ಆದ್ದರಿಂದ ಉಪ್ಪು ಹಾಕಿದರೆ ಕ್ರಿಯೆ ನಿಧಾನ. ಪರ್ಸಲ್ಫೇಟ್‌ಗೆ ಸರಿಯಾಗಿ ಉಲ್ಟಾ. ಎರಡನ್ನೂ ಒಂದೇ ವರದಿಯಲ್ಲಿ ಜೋಡಿಸಿದರೆ ಗಟ್ಟಿ ಪ್ರಾಜೆಕ್ಟ್.

ಮಿಸೆಲ್ (ಸಾಬೂನಿನಂಥ ಅಣುಗಳು ನೀರಿನಲ್ಲಿ ಕಟ್ಟುವ ಗುಂಪು) ಕ್ರಿಯಾವರ್ಧನೆಗೂ ಇದೇ ಹೆಬ್ಬಾಗಿಲು. ಸಿ.ಟಿ.ಎ.ಬಿ. (ಸೀಟೈಲ್ ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡ್) ವೇಗ ಹೆಚ್ಚಿಸುತ್ತದೆ, ಎಸ್.ಡಿ.ಎಸ್. (ಸೋಡಿಯಂ ಡೋಡೆಸೈಲ್ ಸಲ್ಫೇಟ್) ತಗ್ಗಿಸುತ್ತದೆ: ಮೊದಲನೆಯದರ ಧನ ಮೇಲ್ಮೈ ಹೈಡ್ರಾಕ್ಸೈಡನ್ನು ಬಳಿಗೆ ಎಳೆದುಕೊಳ್ಳುತ್ತದೆ, ಎರಡನೆಯದು ದೂರ ತಳ್ಳುತ್ತದೆ. ಮಿಸೆಲ್ ಕಟ್ಟಲು ಸಿ.ಟಿ.ಎ.ಬಿ. ಸುಮಾರು 0.9 ಮಿಲಿಮೋಲಾರ್, ಎಸ್.ಡಿ.ಎಸ್. 8 ಮಿಲಿಮೋಲಾರ್ ಬೇಕು. ಅದರ ಕೆಳಗೂ ಮೇಲೂ ಅಳೆಯಿರಿ. ಸಿ.ಟಿ.ಎ.ಬಿ. 25 ಡಿಗ್ರಿಗಿಂತ ಕೆಳಗೆ ಹರಳುಗಟ್ಟುವುದರಿಂದ 30 ಡಿಗ್ರಿಯಲ್ಲಿ ಕೆಲಸ ಮಾಡಿ. ಎಸ್.ಡಿ.ಎಸ್. ಜೊತೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಳಸಿದರೆ ಬಿಳಿ ಗಸಿ ಬೀಳುತ್ತದೆ, ಸೋಡಿಯಂನದ್ದೇ ಬೇಕು. ಕ್ಯೂವೆಟ್ ಗೋಡೆಗೆ ಬಣ್ಣ ಅಂಟಿಕೊಂಡು ಪ್ರತಿ ರನ್‌ಗೂ ಅಬ್ಸಾರ್ಬೆನ್ಸ್ ಸೊನ್ನೆಗಿಂತ ಮೇಲೇ ನಿಲ್ಲುತ್ತಾ ಬಂದರೆ, ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ಆಲ್ಕೋಹಾಲ್‌ನಿಂದ ತೊಳೆಯಿರಿ.

ಸಕ್ಕರೆ

ಲುಡ್ವಿಗ್ ವಿಲ್ಹೆಲ್ಮಿ 1850ರಲ್ಲಿ ಪೋಲಾರಿಮೀಟರ್‌ನಿಂದ (ದ್ರಾವಣ ಧ್ರುವೀಕೃತ ಬೆಳಕನ್ನು ಎಷ್ಟು ತಿರುಗಿಸುತ್ತದೆ ಎಂದು ಅಳೆಯುವ ಉಪಕರಣ) ಸಕ್ಕರೆಯ ವಿಲೋಮವನ್ನು ಅಳೆದದ್ದೇ ಕ್ರಿಯಾವೇಗದ ಗಣಿತದ ಆರಂಭ. ಚರಿತ್ರೆಗೆ ನಮಸ್ಕಾರ, ಆದರೆ ಥರ್ಮೋಸ್ಟಾಟ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ಕಾರಣ, 1 ಡಿಗ್ರಿಗೆ ಶೇ. 15ರ ಆ ಹೆಚ್ಚುಕಡಿಮೆ. ಪೋಲಾರಿಮೀಟರ್‌ನ ಟ್ಯೂಬ್ ಸಾಮಾನ್ಯವಾಗಿ ಟಬ್‌ನಿಂದ ಹೊರಗೇ ಇರುತ್ತದೆ.

ಯಾರಿಗೆ ಯಾವುದು, ಮತ್ತು ಎಷ್ಟು ತಾಪಮಾನಗಳಲ್ಲಿ

ಗಾಜಿನ ಸಾಮಾನು, ಸ್ಟಾಪ್‌ವಾಚ್ ಬಿಟ್ಟು ಬೇರೇನೂ ಇಲ್ಲದ ಲ್ಯಾಬಿಗೆ ಅಸಿಟೋನ್–ಅಯೋಡಿನ್ ಅಥವಾ ಪರ್ಸಲ್ಫೇಟ್ ಕ್ಲಾಕ್. ಹಾದಿ ಮುಖ್ಯವಾದರೆ ಮೊದಲನೆಯದು, ಕ್ರಿಯಾವರ್ಧಕದ ಅಳತೆ ಮುಖ್ಯವಾದರೆ ಎರಡನೆಯದು. ಕಲರಿಮೀಟರ್ ಇದ್ದು ಎಂ.ಎಸ್ಸಿ. ಮಟ್ಟದ ಕೆಲಸ ಬೇಕಾದರೆ ಕ್ರಿಸ್ಟಲ್ ವಯೊಲೆಟ್. ಘನ ಕ್ರಿಯಾವರ್ಧಕಗಳ ಕಡೆ ಮುಂದೆ ಹೋಗುವ ಆಸೆಯಿದ್ದರೆ ಪೆರಾಕ್ಸೈಡ್. ಪಿಎಚ್.ಡಿ.ಗೆ ಧಾರವಾಡದ ಅಥವಾ ಮೈಸೂರಿನ ರಸಾಯನ ವಿಭಾಗಗಳತ್ತ ನೋಡುತ್ತಿರುವವರಿಗೆ ಒಂದು ಮಾತು: ಎರಡೂ ಕಡೆ ಉತ್ಕರ್ಷಣ ಕ್ರಿಯೆಗಳ ವೇಗದ ಅಧ್ಯಯನ ಬಹುಕಾಲ ನಡೆದುಬಂದಿದೆ, ಪರ್ಸಲ್ಫೇಟ್ ಪ್ರಯೋಗದಲ್ಲಿ ಕಲಿತ ಅಯಾನಿಕ್ ಸ್ಟ್ರೆಂತ್‌ನ ಶಿಸ್ತು ಅಂಥ ಕೆಲಸಕ್ಕೆ ನೇರ ಉಪಯೋಗಕ್ಕೆ ಬರುತ್ತದೆ.

ಸಕ್ರಿಯಕರಣ ಶಕ್ತಿ ತೆಗೆಯುವವರು ಎರಡು ತಾಪಮಾನಕ್ಕೆ ನಿಲ್ಲಿಸಬೇಡಿ. ವೇಗ ಸ್ಥಿರಾಂಕಗಳಲ್ಲಿ ತಲಾ ಶೇ. 5 ದೋಷವಿದ್ದು 25 ಮತ್ತು 35 ಡಿಗ್ರಿ ಮಾತ್ರ ಅಳೆದರೆ ಉತ್ತರದಲ್ಲಿ 5 ಕಿಲೋಜೂಲ್‌ಗೂ ಮೀರಿದ ಅನಿಶ್ಚಯ ಉಳಿಯುತ್ತದೆ. 25ರಿಂದ 45ರವರೆಗೆ ಹೋದರೆ ಅದು 3ರೊಳಗೆ ಇಳಿಯುತ್ತದೆ. ಪೆರಾಕ್ಸೈಡ್‌ಗೆ ಅಯೋಡೈಡ್ ಹಾಕಿದಾಗ ಪುಸ್ತಕದ 75 ಸುಮಾರು 56ಕ್ಕೆ ಬರುತ್ತದೆ, ಅಷ್ಟು ದೊಡ್ಡ ಇಳಿತವನ್ನು ಒರಟು ಅಳತೆಯೂ ಹಿಡಿಯುತ್ತದೆ. ಒಂದು ಕ್ರಿಯಾವರ್ಧಕ 52, ಇನ್ನೊಂದು 49 ಎಂದು ಬಂದರೆ ಮಾತ್ರ ಅವುಗಳಲ್ಲಿ ವ್ಯತ್ಯಾಸವಿದೆ ಎಂದು ಬರೆಯಬೇಡಿ. ಅಸಿಟೋನ್–ಅಯೋಡಿನ್‌ನಲ್ಲಿ 40ರ ಮೇಲೆ ಹೋದರೆ ಬಣ್ಣ ಒಂದು ನಿಮಿಷದೊಳಗೇ ಮಾಯವಾಗುವುದರಿಂದ ಆಮ್ಲವನ್ನು ಕಾಲು ಭಾಗಕ್ಕೆ ಇಳಿಸಿಕೊಳ್ಳಿ, ಕ್ಲಾಕ್‌ನಲ್ಲಿ ಅಯೋಡೈಡನ್ನು ಅರ್ಧ ಮಾಡಿ ನೈಟ್ರೇಟ್ ತುಂಬಿಸಿ. ಸ್ಟಾರ್ಚ್–ಅಯೋಡಿನ್ ನೀಲಿ ಬಿಸಿಯಲ್ಲಿ ಮಂಕಾಗುವುದರಿಂದ ಕ್ಲಾಕ್ ಪ್ರಯೋಗವನ್ನು 45 ಡಿಗ್ರಿಗಿಂತ ಮೇಲೆ ಒಯ್ಯುವುದು ಬೇಡ.